ಬಾಯಲ್ಲಿ ಹೇಳಿದರೆ ಸರಿ, ಬರೆದರೆ ಮಾತ್ರ ಯಾಕೆ ಇಷ್ಟು ಒಣ?

ನೇರಳೆ_ಮರ (ಚರ್ಚೆ ಶುರು ಮಾಡಿದವರು)

ಒಂದು ಆಸ್ಪತ್ರೆಯಿಂದ ರೋಗಿಗಳಿಗೆ ಹೋಗುವ ಕನ್ನಡ ಮೆಸೇಜುಗಳನ್ನು ನೋಡಿಕೊಳ್ಳೋದು ನನ್ನ ಕೆಲಸ. ಅಪಾಯಿಂಟ್‌ಮೆಂಟ್ ನೆನಪಿಸೋದು, ರಿಪೋರ್ಟ್ ಬಂದಿದೆ ಅನ್ನೋದು, ಬಿಲ್ ಬಾಕಿ ಇದೆ ಅನ್ನೋದು, ಇಂಥವು. ಮೊನ್ನೆ ವಯಸ್ಸಾದ ಒಬ್ಬ ಹೆಂಗಸು ಕೌಂಟರಿಗೆ ಫೋನ್ ಮಾಡಿ, ‘ನನ್ನಿಂದ ಏನಾದ್ರೂ ತಪ್ಪಾಯ್ತೇನಮ್ಮಾ?’ ಅಂತ ಕೇಳಿದರಂತೆ. ಅವರಿಗೆ ಹೋಗಿದ್ದ ಮೆಸೇಜು ಇದು. ನಾನು ಕೆಲಸಕ್ಕೆ ಸೇರೋದಕ್ಕೂ ಮೊದಲಿನಿಂದ ನಡೆದುಕೊಂಡು ಬಂದಿದ್ದು:

‘ದಿನಾಂಕ 14ರ ನಿಮ್ಮ ಅಪಾಯಿಂಟ್‌ಮೆಂಟ್ ಅನ್ನು ರದ್ದುಗೊಳಿಸಲಾಗಿದೆ. ಮರುನಿಗದಿಗಾಗಿ ದಯವಿಟ್ಟು ಸಂಪರ್ಕಿಸಿ.’

ನಡೆದಿದ್ದು ಇಷ್ಟೇ: ಡಾಕ್ಟರು ರಜೆ ಹಾಕಿದ್ದರು.

ಈ ಎರಡು ಸಾಲಲ್ಲಿ ವ್ಯಾಕರಣ ಸರಿ ಇದೆ. ಒರಟು ಮಾತಿಲ್ಲ. ‘ದಯವಿಟ್ಟು’ ಕೂಡ ಇದೆ. ಆದರೂ ಓದಿದವರಿಗೆ ಬಾಗಿಲು ಹಾಕಿಕೊಂಡ ಹಾಗಾಗಿದೆ. ಇದನ್ನೇ ಕೌಂಟರಿನ ಹುಡುಗಿ ಬಾಯಲ್ಲಿ ‘ಅಜ್ಜಿ, ಡಾಕ್ಟ್ರು ಅವತ್ತು ಇರಲ್ಲ, ಶನಿವಾರ ಬರ್ತೀರಾ?’ ಅಂದಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

ನನಗೆ ಅನ್ನಿಸೋದು ಹೀಗೆ. ಕನ್ನಡದಲ್ಲಿ ಅಕ್ಕರೆ ಹೆಚ್ಚಾಗಿ ಇರೋದು ಮಾತಿನ ಬಾಲದಲ್ಲಿ. ಬಾ ಅನ್ನೋದೇ ಬೇರೆ. ಬಾರೋ, ಬಾರಮ್ಮ, ಬನ್ನಿಪ್ಪ, ಬರ್ರಿ, ಬನ್ನಿ ಮಾರಾಯ್ರೆ, ಇವೆಲ್ಲ ಬೇರೆ. ‘ಹೌದು’ ಅಂದರೆ ಉತ್ತರ ಸಿಕ್ಕಿತು. ‘ಹೌದು ಕಣೋ’ ಅಂದರೆ ಆ ಮನುಷ್ಯನೂ ಸಿಕ್ಕಿದ. ಬರೆಯೋಕೆ ಕೂತರೆ ನಾವು ಮೊದಲು ಕತ್ತರಿಸಿ ಹಾಕೋದು ಈ ಬಾಲವನ್ನೇ. ಸ್ಕೂಲಲ್ಲಿ ಹಾಗೇ ಕಲಿಸಿದ್ದು, ಅಲ್ವಾ?

ಇನ್ನೊಂದು ವಿಷಯ, ‘-ಲಾಗಿದೆ’. ಮನೆಯಲ್ಲಿ ಯಾರೂ ‘ಅನ್ನ ಮಾಡಲಾಗಿದೆ, ಊಟಕ್ಕೆ ಆಗಮಿಸಿ’ ಅನ್ನಲ್ಲ. ಯಾರು ಮಾಡಿದ್ದು ಅಂತ ಹೇಳದೆ ಇರೋಕೆ ಇದಕ್ಕಿಂತ ಅನುಕೂಲದ ರೂಪ ಇನ್ನೊಂದಿಲ್ಲ. ರದ್ದು ಮಾಡಿದ್ದು ಯಾರು? ಯಾರೂ ಅಲ್ಲ. ತಾನಾಗೇ ಆಯ್ತು!

ನಿಮ್ಮ ಅನುಭವ ಹೇಳಿ. ಮನೆಯದು, ಆಫೀಸಿನದು, ಯಾವುದಾದರೂ ಸರಿ. ಟೆಂಪ್ಲೇಟುಗಳನ್ನು ಪೂರ್ತಿ ಬದಲಾಯಿಸೋಕೆ ಹೊರಟಿದ್ದೇನೆ.

ಅಂಚೆ_ಅಣ್ಣ

ಅಂಚೆ ಇಲಾಖೆಯಲ್ಲಿ ಇದ್ದವನು, ಈಗ ನಿವೃತ್ತ. ಈ ಬಾಲ ಕತ್ತರಿಸುವ ಕೆಲಸ ನಾವೂ ಬೇಕಾದಷ್ಟು ಮಾಡಿದ್ದೇವೆ.

ಓದು ಬರಹ ಬಾರದವರು ಕಾಗದ ಬರೆಸಿಕೊಳ್ಳೋಕೆ ಅಂಚೆ ಕಚೇರಿಗೆ ಬರುತ್ತಿದ್ದರು. ತಾಯಿ ಹೇಳುತ್ತಿದ್ದಳು, ‘ಹಬ್ಬಕ್ಕೆ ಬರ್ದಿದ್ರೆ ನಾನೇ ಬಂದು ಕಿವಿ ಹಿಂಡ್ತೀನಿ ಅಂತ ಬರೀರಪ್ಪ’. ನಮ್ಮ ಹಿರಿಯ ಗುಮಾಸ್ತರು ಬರೆಯುತ್ತಿದ್ದರು, ‘ಹಬ್ಬಕ್ಕೆ ತಪ್ಪದೆ ಬರತಕ್ಕದ್ದು’. ಓದಿ ಹೇಳಿದರೆ ಆ ತಾಯಿಗೆ ಖುಷಿ! ‘ಎಷ್ಟು ಚೆನ್ನಾಗಿ ಬರ್ದಿದೀರಿ’ ಅನ್ನುತ್ತಿದ್ದಳು. ಕಾಗದದ ಮೇಲೆ ಬಂದದ್ದೆಲ್ಲ ಹಾಗೇ ಗಟ್ಟಿಯಾಗಿ ಇರಬೇಕು ಅಂತ ಅವಳೂ ನಂಬಿದ್ದಳು. ಅತ್ತ ಮುಂಬಯಿಯಲ್ಲೋ ಪುಣೆಯಲ್ಲೋ ಇದ್ದ ಮಗನಿಗೆ ಸಿಕ್ಕಿದ್ದು ಗುಮಾಸ್ತರ ದನಿ.

ಆದರೆ ಒಂದು ಮಾತು ಸೇರಿಸಬೇಕು. ಹಳೇ ಕಾಗದಗಳೆಲ್ಲ ಒಂದೇ ಅಚ್ಚಿನವು. ‘ತೀರ್ಥರೂಪು ತಂದೆಯವರ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು’, ‘ಉಭಯ ಕುಶಲೋಪರಿ’, ‘ಇತ್ತ ಎಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ’. ಎಲ್ಲರೂ ಬರೆಯುತ್ತಿದ್ದದ್ದು ಇದನ್ನೇ. ಹಾಗಂತ ಯಾರಿಗೂ ಅದು ಒಣ ಅನ್ನಿಸುತ್ತಿರಲಿಲ್ಲ. ಯಾಕೆಂದರೆ ಅದು ಮುಗಿದ ಮೇಲೆ ನಿಜವಾದ ಕಾಗದ ಶುರುವಾಗುತ್ತಿತ್ತು. ಗೌರಿ ಕರು ಹಾಕಿದ್ದು, ಚಿಕ್ಕಮ್ಮನ ಮಂಡಿ ನೋವು, ಪಕ್ಕದ ಮನೆಯವರು ಬೇಲಿ ಸರಿಸಿದ್ದು. ಇನ್‌ಲ್ಯಾಂಡ್ ಲೆಟರಿನಲ್ಲಿ ಜಾಗ ಮುಗಿದರೆ ಮಡಚುವ ಪಟ್ಟಿಯ ಮೇಲೂ ಅಡ್ಡಡ್ಡ ಗೀಚಿರುತ್ತಿದ್ದರು. ಅಂಟು ಬಿಡಿಸುವಾಗ ಅರ್ಧ ಅಕ್ಷರ ಹರಿದು ಹೋಗುತ್ತಿತ್ತು. ಇನ್ನೂ ಹೇಳೋದಿದೆ ಅನ್ನೋದು ಆ ಗೀಚುವಿಕೆಯಲ್ಲೇ ಕಾಣುತ್ತಿತ್ತು.

ತಂತಿಯದು, ಅಂದರೆ ಟೆಲಿಗ್ರಾಮಿನದು, ಬೇರೆ ಕತೆ. ಪದಕ್ಕೆ ಇಷ್ಟು ಅಂತ ದುಡ್ಡು. ಹಾಗಾಗಿ ಅಕ್ಕರೆಗೆ ಅಲ್ಲಿ ಜಾಗವೇ ಇಲ್ಲ. ‘ತಾಯಿ ಸೀರಿಯಸ್, ಕೂಡಲೇ ಹೊರಡು’, ಅಷ್ಟೇ. ಶುಭಾಶಯಕ್ಕೂ ಸಿದ್ಧ ವಾಕ್ಯಗಳ ಪಟ್ಟಿ ಇತ್ತು. ನಂಬರ್ ಹೇಳಿದರೆ ಸಾಕು, ಆ ವಾಕ್ಯ ಹೋಗುತ್ತಿತ್ತು. ಹಳ್ಳಿಯಲ್ಲಿ ತಂತಿ ಬಂತು ಅಂದರೆ ಒಡೆದು ಓದೋದಕ್ಕೆ ಮೊದಲೇ ಅಳು ಶುರು. ಮಗಳಿಗೆ ಕೆಲಸ ಸಿಕ್ಕಿದ ತಂತಿಗೂ ಅತ್ತವರನ್ನು ನೋಡಿದ್ದೇನೆ. 2013ರ ಜುಲೈನಲ್ಲಿ ತಂತಿ ನಿಂತುಹೋಯಿತು. ನಿಮ್ಮ ಆಸ್ಪತ್ರೆ ಮೆಸೇಜು ನೋಡಿದರೆ ನಿಂತಿಲ್ಲ ಅನ್ನಿಸುತ್ತೆ!

ಕುಂಟೆಬಿಲ್ಲೆ

ನಮ್ಮ ಮನೆ ಗ್ರೂಪಿನಲ್ಲಿ ದಿನಾ ನಡೆಯೋ ಜಗಳ ಇದು. ನಮ್ಮ ದೊಡ್ಡಪ್ಪ ಪ್ರತಿ ಸಾಲಿನ ಕೊನೆಗೂ ಚುಕ್ಕಿ ಮೇಲೆ ಚುಕ್ಕಿ ಇಡ್ತಾರೆ. ‘ಸರಿ......’ ‘ನೋಡೋಣ......’ ‘ನೀನು ಬಂದಿದ್ದು ಸಂತೋಷ......’ ಓದಿದರೆ ಏನೋ ನುಂಗಿಕೊಂಡು ಹೇಳ್ತಿದ್ದಾರೆ ಅನ್ನಿಸುತ್ತೆ. ಕೇಳಿದರೆ, ‘ಅದು ಉಸಿರು ತಗೊಳ್ಳೋದು ಕಣೇ’ ಅಂದರು. ಅವರ ಲೆಕ್ಕದಲ್ಲಿ ಒಂದೇ ಚುಕ್ಕಿ ಇಟ್ಟರೆ ಮಾತು ಕಡಿದ ಹಾಗೆ.

ನನ್ನ ವಯಸ್ಸಿನವರಲ್ಲಿ ಲೆಕ್ಕ ಬೇರೆ. ‘ಸರಿ’ ಅಂದರೆ ಸರಿ. ‘ಸರಿ.’ ಅಂತ ಚುಕ್ಕಿ ಇಟ್ಟರೆ ಏನೋ ಆಗಿದೆ. ‘ಕೆ’ ಅಂತ ಒಂದೇ ಅಕ್ಷರ ಬಂದರೆ ಅವತ್ತು ಫೋನ್ ಮಾಡದೆ ಇರೋದೇ ವಾಸಿ. ‘ಸರೀಈಈ’ ಅಂದರೆ ಬೆಣ್ಣೆ. ಹೆಬ್ಬೆಟ್ಟು ಎತ್ತಿದ ಚಿಹ್ನೆ ಅಪ್ಪನಿಂದ ಬಂದರೆ ‘ನೋಡಿದೆ’ ಅಂತ ಅರ್ಥ. ಗೆಳತಿಯಿಂದ ಬಂದರೆ ‘ಸಾಕು ನಿಲ್ಲಿಸು’ ಅಂತ.

ಸುಮ್ನೆ ಇರೋದೂ ಈಗ ಒಂದು ಮಾತಾಗಿದೆ. ವಾಟ್ಸಾಪಿನಲ್ಲಿ 2014ರ ಕೊನೆಗೆ ನೀಲಿ ಗೀಟು ಬಂತಲ್ಲ, ಅವತ್ತಿನಿಂದ ‘ಓದಿದ್ದಾನೆ, ಉತ್ತರ ಕೊಟ್ಟಿಲ್ಲ’ ಅನ್ನೋದು ಗೊತ್ತಾಗಿಬಿಡುತ್ತೆ. ಮೊದಲು ಕಾಗದ ತಲುಪಿತೋ ಇಲ್ಲವೋ ಅನ್ನೋ ಅನುಮಾನವೇ ಎಷ್ಟೋ ಸಂಬಂಧ ಉಳಿಸಿರಬೇಕು.

ಲೆಕ್ಕದ_ಮೇಷ್ಟ್ರು

ಕುಂಟೆಬಿಲ್ಲೆ ಹೇಳಿದ ಚುಕ್ಕಿ ವಿಷಯ ಬರೀ ಹುಡುಗಾಟ ಅಲ್ಲ. ಅಮೆರಿಕದ ಬಿಂಗಮ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ 126 ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಸಂಭಾಷಣೆ ತೋರಿಸಿ ಪರೀಕ್ಷೆ ಮಾಡಿದರು. ಒಂದೇ ಪದದ ಉತ್ತರಕ್ಕೆ ಪೂರ್ಣವಿರಾಮ ಹಾಕಿದರೆ, ಮೊಬೈಲ್ ಮೆಸೇಜಿನಲ್ಲಿ ಅದು ಮನಸ್ಸಿನಿಂದ ಬಂದ ಮಾತಲ್ಲ ಅನ್ನಿಸಿತು. ಅದೇ ಉತ್ತರ ಕೈಬರಹದ ಚೀಟಿಯಲ್ಲಿದ್ದಾಗ ಚುಕ್ಕಿ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ. ಅದು ಇಂಗ್ಲಿಷ್ ಓದುವ ಕಾಲೇಜು ಹುಡುಗರ ಲೆಕ್ಕ. ನಮ್ಮ ದೊಡ್ಡಪ್ಪಂದಿರಿಗೆ ಹಾಗೇ ಅನ್ವಯಿಸಬೇಡಿ.

ನನಗೆ ಇನ್ನೂ ರುಚಿಸಿದ್ದು 2005ರ ಇನ್ನೊಂದು ಅಧ್ಯಯನ. ಕ್ರೂಗರ್, ಎಪ್ಲಿ ಮತ್ತು ಜೊತೆಗಾರರದು. ವ್ಯಂಗ್ಯದ ಮಾತು, ವ್ಯಂಗ್ಯ ಅಲ್ಲದ ಮಾತು ಎರಡನ್ನೂ ಇಮೇಲಿನಲ್ಲಿ ಕಳಿಸಬೇಕು. ಓದಿದವರು ಯಾವುದು ಯಾವುದು ಅಂತ ಗುರುತಿಸಬೇಕು. ಕಳಿಸಿದವರು 100ಕ್ಕೆ 78 ಸಲ ಸರಿಯಾಗಿ ಅರ್ಥವಾಗುತ್ತೆ ಅಂದುಕೊಂಡಿದ್ದರು. ಅರ್ಥವಾಗಿದ್ದು 56 ಸಲ. ಕಣ್ಣು ಮುಚ್ಚಿ ಊಹಿಸಿದರೂ 50 ಬರುತ್ತೆ! ದನಿಯಲ್ಲಿ ಹೇಳಿದಾಗ ಮಾತ್ರ ಮುಕ್ಕಾಲು ಪಾಲಿನ ಹತ್ತಿರ ಹೋಯಿತು. ಬರೆಯುವವನ ಕಿವಿಯಲ್ಲಿ ಅವನ ದನಿ ಮೊಳಗುತ್ತಾ ಇರುತ್ತೆ. ಓದುವವನಿಗೆ ಅದು ಕೇಳಿಸಲ್ಲ ಅನ್ನೋದು ಹೊಳೆಯೋದೇ ಇಲ್ಲ.

ಬೆಳಗಿನ_ಬಸ್ಸು

ಸರಿಯಾಗಿ ಹೇಳಿದಿರಿ ಮೇಷ್ಟ್ರೆ. ನಮ್ಮ ಆಫೀಸಿನ ಟ್ರೈನಿಂಗ್‌ನಲ್ಲೂ ಹೇಳಿದರು, ಮಾತಿನಲ್ಲಿ ಪದಗಳ ಪಾಲು ಬರೀ 7 ಪರ್ಸೆಂಟ್, ಉಳಿದ 93 ದನಿ ಮತ್ತು ಹಾವಭಾವ ಅಂತ.

ಲೆಕ್ಕದ_ಮೇಷ್ಟ್ರು

ಅಯ್ಯೋ, ಅದನ್ನು ಬಿಡಿ ಸರ್. ಪದಕ್ಕೆ 7, ದನಿಗೆ 38, ಮುಖಕ್ಕೆ 55 ಅನ್ನೋ ಆ ಲೆಕ್ಕ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರದು, 1967ರದು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಈ ವ್ಯಕ್ತಿಗೆ ನಿಮ್ಮನ್ನು ಕಂಡರೆ ಇಷ್ಟವೋ ಇಲ್ಲವೋ ಅಂತ ಕೇಳಿದ್ದು. ಪದ ಒಂದು ಹೇಳಿ ಮುಖ ಇನ್ನೊಂದು ಹೇಳಿದಾಗ ಜನ ಯಾವುದನ್ನು ನಂಬುತ್ತಾರೆ ಅನ್ನೋದಷ್ಟೇ ಅಲ್ಲಿನ ಪ್ರಶ್ನೆ. ಎಲ್ಲ ಮಾತಿಗೂ ಇದೇ ಲೆಕ್ಕ ಅಲ್ಲ ಅಂತ ಅವರೇ ಹೇಳಿದ್ದಾರೆ. ಪದಕ್ಕೆ 7 ಪರ್ಸೆಂಟ್ ಬೆಲೆ ಆಗಿದ್ದಿದ್ದರೆ ಭಾಷೆ ಬಾರದ ಊರಿನಲ್ಲಿ ನಾವು ಆರಾಮಾಗಿ ಸಂಸಾರ ಮಾಡಬಹುದಿತ್ತು.

ಹುಬ್ಬಳ್ಳಿ_ಮಂದಿ

ನೋಡ್ರಿ, ನೇರಳೆ ಮರದವರ ಬಾಲದ ಮಾತು ನಮ್ಮ ಕಡೆ ನೂರಕ್ಕೆ ನೂರು ಖರೆ. ನಮ್ಮಲ್ಲಿ ‘ರೀ’ ಇಲ್ಲದೆ ಮಾತೇ ಇಲ್ಲ. ‘ಏನ್ರಿ, ಆರಾಮೇನ್ರಿ, ಚಾ ಆತೇನ್ರಿ?’ ಅಂತ ಮೂರು ಸಲ ಕೇಳದೆ ವಿಷಯಕ್ಕೆ ಬರೋದಿಲ್ಲ. ಇನ್ನು ಜೀವದ ಗೆಳೆಯ ಆದರೆ ‘ಲೇ’ ಶುರು. ಜೊತೆಗೆ ಇಲ್ಲಿ ಬರೆಯೋಕಾಗದ ಬೈಗುಳವೂ ಇರುತ್ತೆ. ಮೈಸೂರಿನ ಕಡೆಯ ಸಹೋದ್ಯೋಗಿಯೊಬ್ಬರು ನಾವಿಬ್ಬರು ಗೆಳೆಯರು ಫೋನಿನಲ್ಲಿ ಮಾತಾಡೋದು ಕೇಳಿ, ‘ಜಗಳ ಆಯ್ತಾ?’ ಅಂತ ಗಾಬರಿಯಾಗಿದ್ದರು.

ಜಗಳ ಆದಾಗ ನಾವು ಬೈಯಲ್ಲ. ಬಹುವಚನಕ್ಕೆ ಬರ್ತೀವಿ. ಹತ್ತನೇ ಕ್ಲಾಸಿನಿಂದ ‘ಲೇ’ ಅಂದುಕೊಂಡು ಬಂದವನು ಒಂದಿನ ‘ನೀವು ಹೇಳಿದ್ದು ಸರಿ ಐತ್ರಿ’ ಅಂದರೆ ಮುಗೀತು. ಇನ್ನು ಅವರ ಮನೆ ಚಹಾ ಸಿಗೋದು ಕಷ್ಟ. ಹಾಗಂತ ನೀವು ಅನ್ನೋದೇ ದೂರ ಅಂತ ಅಲ್ಲ. ನಮ್ಮಪ್ಪನಿಗೆ ನಾನು ಹುಟ್ಟಿದಾಗಿನಿಂದ ನೀವು ಅಂತೀನಿ, ಅವ್ವನಿಗೆ ನೀನು. ಅಪ್ಪನ ಮೇಲೆ ಪ್ರೀತಿ ಕಮ್ಮಿಯೇನಿಲ್ಲ. ದಿನಾ ಇರೋ ರೀತಿಯಿಂದ ಎಷ್ಟು ಸರಿದರು ಅನ್ನೋದು ನೋಡಬೇಕು.

ಕರಾವಳಿ_ಕಾಗೆ

ಇದಕ್ಕೆ ನಮ್ಮ ಕಡೆಯದ್ದೂ ಸೇರಿಸಿಕೊಳ್ಳಿ. ಮಂಗಳೂರಿನವಳು, ಕೆಲಸ ಬೆಂಗಳೂರಿನಲ್ಲಿ. ಮನೆಮಾತು ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. ಹಾಗಾಗಿ ನನ್ನ ಕನ್ನಡ ಪಠ್ಯಪುಸ್ತಕದ ಹಾಗೆ ಇರುತ್ತದೆ. ‘ನಾನು ನಾಳೆ ಬರುತ್ತೇನೆ, ನನಗೆ ಸ್ವಲ್ಪ ಕೆಲಸ ಉಂಟು’ ಅಂದರೆ ಇಲ್ಲಿನವರಿಗೆ ಬಿಗುಮಾನದ ಹಾಗೆ ಕೇಳಿಸುತ್ತದಂತೆ. ಸೇರಿದ ಹೊಸದರಲ್ಲಿ ಒಬ್ಬರು ‘ನಿಮಗೆ ನಮ್ಮ ಮೇಲೆ ಏನಾದ್ರೂ ಬೇಜಾರಾ?’ ಅಂತ ಕೇಳಿಯೇ ಬಿಟ್ಟರು. ನನಗೆ ತಿರುಗಾ ಆಶ್ಚರ್ಯ. ಗುರುತು ಪರಿಚಯ ಇಲ್ಲದವರು ‘ಏನ್ ಗುರು’, ‘ಮಗಾ’ ಅನ್ನುವುದು ನಮಗೆ ಕಸಿವಿಸಿ.

ನಮ್ಮ ಬೆಚ್ಚಗಿನ ಮಾತು ‘ಮಾರಾಯ್ರೆ’ಯಲ್ಲಿ ಇರುವುದು. ಕುಂದಾಪುರದ ಕಡೆ ‘ಹ್ವಾಯ್’ ಅಂತ ಕರೆದರೆ ಅದರಲ್ಲೇ ಎಲ್ಲ ಬಂತು. ಅದನ್ನು ಬೆಂಗಳೂರಿನ ಆಫೀಸಿನಲ್ಲಿ ಹೇಳಿದರೆ ನಗುತ್ತಾರೆ ಅಂತ ನಾವು ನುಂಗಿಕೊಳ್ಳುತ್ತೇವೆ. ಉಳಿಯುವುದು ಪಠ್ಯಪುಸ್ತಕ ಮಾತ್ರ.

ನೇರಳೆ_ಮರ

ಅಂದರೆ ಒಂದೇ ವಾಕ್ಯ ಹುಬ್ಬಳ್ಳಿಯಲ್ಲಿ ಒಣ, ಮಂಗಳೂರಿನಲ್ಲಿ ಸಹಜ. ರಾಜ್ಯದ ಎಲ್ಲ ಕಡೆಯಿಂದ ರೋಗಿಗಳು ಬರುವ ಆಸ್ಪತ್ರೆಗೆ ಯಾವ ಬಾಲ ಅಂಟಿಸಲಿ? ‘ರೀ’ ಹಾಕಿದರೆ ಅರ್ಧ ಜನಕ್ಕೆ ನಾಟಕ ಅನ್ನಿಸುತ್ತೆ. ‘ಅಮ್ಮ’, ‘ಅಜ್ಜಿ’ ಅಂದರೆ ಮೂವತ್ತರ ಹೆಂಗಸಿಗೆ ಸಿಟ್ಟು ಬರುತ್ತೆ.

ಕಡತ_ವಿಲೇವಾರಿ

ತಾಲ್ಲೂಕು ಕಚೇರಿಯಲ್ಲಿ ಕೇಸ್ ವರ್ಕರ್. ಎಲ್ಲರೂ ‘-ಲಾಗಿದೆ’ಗೆ ಕಲ್ಲು ಹೊಡೀತಿದ್ದೀರಿ, ಅದರ ಪರವಾಗಿ ಒಬ್ಬನಾದರೂ ಮಾತಾಡಬೇಕಲ್ಲ.

1963ರಲ್ಲಿ ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾಯ್ದೆ ಬಂತು. ಕಡತಗಳು ನಿಧಾನವಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿದವು. ವಾಕ್ಯದ ಅಚ್ಚು ಮಾತ್ರ ಅದೇ ಉಳಿಯಿತು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ‘ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ’, ‘ಮುಂದಿನ ಕ್ರಮಕ್ಕಾಗಿ ಕಳುಹಿಸಿಕೊಡಲಾಗಿದೆ’. ಇದು ಒಣ ಅನ್ನೋದು ನಮಗೂ ಗೊತ್ತು. ಆದರೆ ನಾನು ‘ರದ್ದು ಮಾಡಿದ್ದೇನೆ’ ಅಂತ ಬರೆದರೆ ನಾಳೆ ಬೆಳಗ್ಗೆ ಅರ್ಜಿ ಕೊಟ್ಟವರು ನನ್ನ ಮನೆ ಬಾಗಿಲಿಗೇ ಬರ್ತಾರೆ. ತೀರ್ಮಾನ ಕಚೇರಿಯದು, ಬೈಗುಳ ನನಗೆ. ಆ ‘-ಲಾಗಿದೆ’ ನಮ್ಮಂಥ ಚಿಕ್ಕ ನೌಕರರಿಗೆ ಮಳೆಗಾಲದ ಕೊಡೆ.

ಜನಕ್ಕೆ ಬೇಕಾಗಿರೋದು ಅಕ್ಕರೆಯೇ ಅನ್ನೋದರಲ್ಲೂ ನನಗೆ ಅನುಮಾನ ಇದೆ. ಸಕಾಲ ಯೋಜನೆ 2012ರಲ್ಲಿ ಶುರುವಾಯಿತು. ಅರ್ಜಿ ಕೊಟ್ಟರೆ 15 ಅಂಕಿಯ ಜಿಎಸ್‌ಸಿ ನಂಬರು, ಅಂದರೆ ಆ ಅರ್ಜಿಯ ಗುರುತಿನ ನಂಬರು, ಇರುವ ಚೀಟಿ ಸಿಗುತ್ತೆ. ಇಷ್ಟು ದಿನದೊಳಗೆ ಕೆಲಸ ಆಗಬೇಕು ಅಂತ ಲೆಕ್ಕ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಆ ಚೀಟಿಯಲ್ಲಿ ಒಂದು ಒಳ್ಳೇ ಮಾತಿಲ್ಲ. ಆದರೂ ಜನ ಅದನ್ನು ಜೋಪಾನವಾಗಿ ಅಂಗಿ ಜೇಬಿನಲ್ಲಿ ಇಟ್ಕೊಂಡು ಬರ್ತಾರೆ. ಮೊದಲೆಲ್ಲ ‘ಬನ್ನಿ ಯಜಮಾನ್ರೆ, ಕೂತ್ಕೊಳ್ಳಿ, ನಿಮ್ದೇ ಕೆಲಸ ಮಾಡ್ತಾ ಇದೀನಿ’ ಅಂತ ಬೆಣ್ಣೆ ಹಚ್ಚಿ ವರ್ಷಗಟ್ಟಲೆ ಅಲೆಸಿದವರನ್ನು ಅವರು ನೋಡಿದ್ದಾರೆ. ನಿಮ್ಮ ಮೆಸೇಜಿನಲ್ಲಿ ನಿಜವಾಗಿ ಇಲ್ಲದಿರೋದು ಬಾಲ ಅಲ್ಲ. ಯಾಕೆ ರದ್ದಾಯ್ತು ಅನ್ನೋ ಕಾರಣ ಇಲ್ಲ, ಮುಂದಿನ ತಾರೀಕು ಇಲ್ಲ.

ಕೆರೆ_ಏರಿ

ಕಡತದವರ ಮಾತಿಗೆ ನನ್ನದೂ ಒಂದು ಸೇರಿಸಬೇಕು.

ಇಲ್ಲಿ ಎಲ್ಲರೂ ಬಾರೋ, ಬಾರೇ ಅನ್ನೋದನ್ನು ಅಕ್ಕರೆ ಅಂತ ಮಾತಾಡ್ತಿದ್ದೀರಿ. ನಮ್ಮ ಕೇರಿಯಲ್ಲಿ ಹುಟ್ಟಿದ್ದರೆ ಆ ‘ಬಾರೋ’ ಬೇರೆ ಥರ ಕೇಳಿಸುತ್ತಿತ್ತು. ನಮ್ಮಪ್ಪನಿಗೆ ಅರವತ್ತು ದಾಟಿತ್ತು. ಊರಿನ ದೊಡ್ಡ ಮನೆಯ ಹೈಸ್ಕೂಲ್ ಹುಡುಗ ‘ಲೋ, ನಾಳೆ ಬಾರೋ ಕೆಲಸಕ್ಕೆ’ ಅನ್ನುತ್ತಿದ್ದ. ನಗುತ್ತಲೇ ಅನ್ನುತ್ತಿದ್ದ. ಸಿಟ್ಟು ಏನೂ ಇಲ್ಲ, ದನಿ ಬಹಳ ಮೆದು. ಹಬ್ಬಕ್ಕೆ ಬಟ್ಟೆಯನ್ನೂ ಕೊಡುತ್ತಿದ್ದರು. ನಮ್ಮಪ್ಪ ತಿರುಗಿಸಿ ಆ ಹುಡುಗನಿಗೆ ‘ಬುದ್ಧಿ’ ಅನ್ನಬೇಕಿತ್ತು.

ಮೊದಲ ಸಲ ಎಟಿಎಮ್ಮಿಗೆ ಕರೆದುಕೊಂಡು ಹೋದಾಗ ಪರದೆ ಮೇಲೆ ‘ದಯವಿಟ್ಟು ನಿಮ್ಮ ಕಾರ್ಡನ್ನು ತೆಗೆದುಕೊಳ್ಳಿ’ ಅಂತ ಬಂತು. ಓದಿ ಹೇಳಿದೆ. ‘ಮಿಷನ್ನು ನನಗೆ ಬಹುವಚನ ಕೊಡ್ತದಲ್ಲೋ’ ಅಂತ ಅಪ್ಪ ಜೋರಾಗಿ ನಕ್ಕರು. ಅವತ್ತಿಡೀ ಸಿಕ್ಕಿದವರಿಗೆಲ್ಲ ಹೇಳಿದರು.

ಹಾಗಾಗಿ ನೇರಳೆ ಮರದವರೆ, ದಯವಿಟ್ಟು ಅಜ್ಜಿ, ಯಜಮಾನ್ರೆ ಅಂತೆಲ್ಲ ಹಾಕಬೇಡಿ. ಎಲ್ಲರಿಗೂ ಒಂದೇ ನಮಸ್ಕಾರ, ಒಂದೇ ನೀವು ಇರಲಿ. ಸ್ವಲ್ಪ ಒಣಗಿದ್ದರೂ ಪರವಾಗಿಲ್ಲ. ಒಬ್ಬರಿಗೆ ಬೆಚ್ಚಗೆ, ಇನ್ನೊಬ್ಬರಿಗೆ ಒಣ, ಅದು ಜಾಸ್ತಿ ಉರಿಯುತ್ತೆ.

ಹುಬ್ಬಳ್ಳಿ_ಮಂದಿ

ಕೆರೆ ಏರಿ ಅವರೆ, ನಿಮ್ಮ ಮಾತು ಓದಿದ ಮೇಲೆ ನಮ್ಮ ‘ಲೇ’ ಬಗ್ಗೆ ಬರೆದದ್ದಕ್ಕೆ ಒಂದು ಗೆರೆ ಸೇರಿಸಬೇಕಾಗೇತಿ. ಅದು ಎರಡೂ ಕಡೆಯಿಂದ ಹೋಗಬೇಕು. ಅವನೂ ನನಗೆ ಲೇ ಅನ್ನೋ ಹಂಗಿದ್ದರೆ ಮಾತ್ರ ಗೆಳೆತನ.

ಮಾತುಗಾತಿ

ಸ್ಪೀಚ್ ಥೆರಪಿಸ್ಟ್ ನಾನು. ತಡವಾಗಿ ಬಂದೆ. ಇಲ್ಲಿಯವರೆಗೆ ಯಾರೂ ಮುಟ್ಟದ ಒಂದು ವಿಷಯ ಇದೆ. ದನಿ ಒಣಗಿದ್ದರೆ ಮನಸ್ಸೂ ಒಣಗಿದೆ ಅಂತ ಎಲ್ಲರೂ ಲೆಕ್ಕ ಹಾಕುತ್ತೇವೆ. ಎಷ್ಟೋ ಸಲ ಅದು ಕಾಯಿಲೆ.

ನನ್ನ ಹತ್ತಿರ ಬರುವ ಪಾರ್ಕಿನ್ಸನ್ ರೋಗಿಗಳ ಮನೆಯವರು ಹೇಳೋದು ಹೆಚ್ಚುಕಮ್ಮಿ ಒಂದೇ. ‘ಅವರು ಮೊದಲಿನ ಹಾಗಿಲ್ಲ, ಮೊಮ್ಮಗು ಬಂದರೂ ಮುಖದಲ್ಲಿ ನಗು ಇಲ್ಲ, ಮಾತಾಡಿದರೆ ಗೊಣಗುತ್ತಾರೆ, ಯಾರೂ ಬೇಡವಾಗಿದ್ದಾರೆ ಅವರಿಗೆ’. ಕೈ ನಡುಕ ಎಲ್ಲರ ಕಣ್ಣಿಗೂ ಬೀಳುತ್ತೆ. ಮುಖದ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ, ದನಿ ಸಣ್ಣಗಾಗುತ್ತೆ, ಏರಿಳಿತ ಹೋಗುತ್ತೆ ಅನ್ನೋದು ಗೊತ್ತಿರಲ್ಲ. ಒಳಗೆ ಖುಷಿ ಇರುತ್ತೆ, ಮುಖಕ್ಕೆ ಬರೋದಿಲ್ಲ. ಇವರಿಗೆ ಗಟ್ಟಿಯಾಗಿ ಮಾತಾಡುವ ಒಂದು ತರಬೇತಿ ಇದೆ, ವಾರಕ್ಕೆ ನಾಲ್ಕು ದಿನದ ಹಾಗೆ ನಾಲ್ಕು ವಾರ. ಅದರಲ್ಲಿ ಕಷ್ಟದ ಭಾಗ ಗಂಟಲು ಅಲ್ಲ. ನಾವು ‘ಈಗ ಸರಿಯಾಗಿದೆ’ ಅಂದಾಗ ಅವರು ‘ನಾನು ಕಿರುಚುತ್ತಿದ್ದೇನೆ’ ಅನ್ನುತ್ತಾರೆ. ತಮ್ಮ ದನಿ ಎಷ್ಟು ಇಳಿದಿದೆ ಅನ್ನೋ ಅಂದಾಜೇ ಅವರಿಗೆ ತಪ್ಪಿರುತ್ತೆ.

ಇನ್ನು ಮೆದುಳಿನ ಬಲಭಾಗಕ್ಕೆ ಪಾರ್ಶ್ವವಾಯು ಆದವರು. ಎಡಭಾಗಕ್ಕೆ ಆದರೆ ಸಾಮಾನ್ಯವಾಗಿ ಪದಗಳೇ ಸಿಗಲ್ಲ, ಎಲ್ಲರಿಗೂ ಪಾಪ ಅನ್ನಿಸುತ್ತೆ. ಬಲಭಾಗಕ್ಕೆ ಆದವರಲ್ಲಿ ಕೆಲವರು ಸಲೀಸಾಗಿ ಮಾತಾಡ್ತಾರೆ, ರಾಗ ಮಾತ್ರ ಹೋಗಿರುತ್ತೆ. ‘ನೀನು ಬಂದಿದ್ದು ಒಳ್ಳೇದಾಯ್ತು’ ಅನ್ನೋದನ್ನು ಬಸ್ ಟೈಮ್ ಹೇಳಿದ ಹಾಗೆ ಹೇಳ್ತಾರೆ. ಎದುರಿನವರ ದನಿಯಲ್ಲಿ ಸಿಟ್ಟಿದೆಯೋ ತಮಾಷೆಯೋ ಅಂತ ಗುರುತಿಸೋದೂ ಕೆಲವರಿಗೆ ಆಗಲ್ಲ. ಮನೆಯಲ್ಲಿ ಇವರಿಗೆ ಸಿಗೋ ಹೆಸರು ಕಲ್ಲುಮನಸ್ಸು.

ಖಿನ್ನತೆ ಇದ್ದವರ ಮಾತೂ ಹೀಗೇ ಚಪ್ಪಟೆಯಾಗುತ್ತೆ. ಆಟಿಸಂ ಇರುವವರ ವಿಷಯದಲ್ಲಿ ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಅವರು 2012ರಲ್ಲಿ ಒಂದು ಒಳ್ಳೇ ತಕರಾರು ತೆಗೆದರು. ಅವರೂ ಆಟಿಸಂ ಇರುವವರೇ. ಎದುರಿನವರ ಮನಸ್ಸು ಅರ್ಥವಾಗದಿರುವುದು ಒಂದೇ ಕಡೆಯ ಕೊರತೆ ಅಲ್ಲ, ಉಳಿದವರಿಗೂ ಇವರ ಮನಸ್ಸು ಅರ್ಥವಾಗುತ್ತಿಲ್ಲ ಅಂತ. ಮೇಲೆ ಮಂಗಳೂರಿನವರಿಗೂ ಬೆಂಗಳೂರಿನವರಿಗೂ ನಡೆದದ್ದು ಇದರ ಚಿಕ್ಕ ರೂಪ ಅನ್ನಬಹುದು.

ಹುಬ್ಬಳ್ಳಿಯವರು ಹೇಳಿದ ‘ದಿನಾ ಇರೋ ರೀತಿಯಿಂದ ಎಷ್ಟು ಸರಿದರು’ ಅನ್ನೋದು ನಮಗೆ ಪರೀಕ್ಷೆ ಮಾಡುವಾಗಲೂ ಬಹಳ ಉಪಯೋಗ. ಮೊದಲಿನಿಂದ ಮಿತಭಾಷಿ ಆಗಿದ್ದವರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲ್ಲ. ವಾಚಾಳಿ ಇದ್ದವರು ಕೆಲವೇ ತಿಂಗಳಲ್ಲಿ ಹೂಂ, ಉಹೂಂಗೆ ಇಳಿದಿದ್ದರೆ ನರರೋಗ ತಜ್ಞರಿಗೆ ಒಮ್ಮೆ ತೋರಿಸಿ. ಮುನಿಸಿಕೊಂಡು ಕೂರಬೇಡಿ.

ಬೆಳಗಿನ_ಬಸ್ಸು

ಕಾಯಿಲೆ ಇಲ್ಲದೆ ಒಣಗೋದಕ್ಕೆ ನಮ್ಮ ಮನೆ ಸಾಕ್ಷಿ. ಕನ್ನಡದಲ್ಲಿ ಅತಿ ಭಯಂಕರ ಮಾತು ಯಾವುದು ಅಂದರೆ ‘ನಿಮ್ಮಿಷ್ಟ’. ನನ್ನ ಹೆಂಡತಿ ಜಗಳ ಆಡುವಷ್ಟು ಹೊತ್ತು ನನಗೆ ಧೈರ್ಯ ಇರುತ್ತೆ. ‘ಇರ್ಲಿ ಬಿಡಿ’ ಅಂದಾಗ ಸ್ವಲ್ಪ ಅಳುಕು. ‘ನಿಮ್ಮಿಷ್ಟ’ ಅಂದರೆ ಆ ಟಿವಿ ಆಗಲಿ ಪ್ರವಾಸ ಆಗಲಿ ಅಲ್ಲಿಗೆ ನಿಂತಿತು.

ಇನ್ನೊಂದು, ಥ್ಯಾಂಕ್ಸ್. ಅಮೆರಿಕದಲ್ಲಿರೋ ಮಗ ರಜೆಗೆ ಬಂದಾಗ ಅವರಮ್ಮ ದೋಸೆ ಹಾಕಿದ ಪ್ರತಿ ಸಲವೂ ಥ್ಯಾಂಕ್ಸ್ ಅಂದ. ಮೂರನೇ ದೋಸೆಗೆ ಇವಳಿಗೆ ತಡೆಯಲಿಲ್ಲ. ‘ಏನೋ ಇದು, ಹೋಟೆಲಾ?’ ಅಂದಳು. ಅವನು ಅಲ್ಲಿ ಕಲಿತ ಒಳ್ಳೇತನ ಅದು. ಇವಳಿಗೆ ಲೆಕ್ಕ ಚುಕ್ತಾ ಮಾಡಿದ ಹಾಗೆ ಕೇಳಿಸಿತು. ‘ಇನ್ನೊಂದು ಹಾಕಮ್ಮ, ಗರಿಗರಿಯಾಗಿರಲಿ’ ಅಂದಿದ್ದರೆ ಸಾಕಿತ್ತು.

ಅಂಚೆ_ಅಣ್ಣ

ಹೊರಡುವಾಗ ‘ಹೋಗ್ತೀನಿ’ ಅಂದರೆ ನಮ್ಮ ಅಜ್ಜಿ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿದ್ದರು. ‘ಹೋಗಿ ಬರ್ತೀನಿ’ ಅನ್ನಬೇಕು. ಫೋನ್ ಇಡುವುದಕ್ಕೂ ಈಗ ಅಂಥದ್ದೇ ಶಾಸ್ತ್ರ ಬಂದಿದೆ. ‘ಸರಿ, ಆಯ್ತು, ಹಾಂ, ಮತ್ತೆ? ಸರಿ ಹಾಗಾದ್ರೆ, ಇಡ್ಲಾ?’ ಇಷ್ಟು ಆಗದೆ ಟಕ್ ಅಂತ ಇಟ್ಟರೆ ಅಪಮಾನ.

ನೇರಳೆ_ಮರ

ಎಲ್ಲರಿಗೂ ವಂದನೆ. (ಬೆಳಗಿನ ಬಸ್ಸಿನವರು ಬೈಯಬೇಡಿ, ಇದು ಮನೆ ಅಲ್ಲ.) ಆಸ್ಪತ್ರೆಯಲ್ಲಿ ಮೀಟಿಂಗ್ ಆಯ್ತು. ಹೊಸ ಕರಡು ಇದು:

‘ನಮಸ್ಕಾರ. 14ರಂದು ಡಾಕ್ಟರು ರಜೆಯಲ್ಲಿರುತ್ತಾರೆ. ನಿಮ್ಮನ್ನು 16ರಂದು ಬೆಳಗ್ಗೆ 10ಕ್ಕೆ ನೋಡುತ್ತಾರೆ. ಅವತ್ತು ಆಗದಿದ್ದರೆ ಫೋನ್ ಮಾಡಿ, ಬೇರೆ ದಿನ ಕೊಡುತ್ತೇವೆ. ಮಾತ್ರೆ ಮುಗಿಯುತ್ತಾ ಬಂದಿದ್ದರೆ ಅದನ್ನೂ ಹೇಳಿ.’

ಕೆರೆ ಏರಿ ಅವರ ಮಾತಿನಂತೆ ಎಲ್ಲರಿಗೂ ಒಂದೇ ನಮಸ್ಕಾರ, ಒಂದೇ ನೀವು. ಕಡತದವರ ಮಾತಿನಂತೆ ಕಾರಣ ಮತ್ತು ತಾರೀಕು. ಬಾಲ ಎಲ್ಲೂ ಹಾಕಿಲ್ಲ. ಮಾತ್ರೆಯ ಸಾಲು ನರ್ಸ್ ಒಬ್ಬರು ಸೇರಿಸಿದ್ದು. ನನಗೆ ಆ ಸಾಲೇ ಎಲ್ಲಕ್ಕಿಂತ ಇಷ್ಟವಾಯ್ತು.

ತಕರಾರು ಬಂದಿದ್ದು ಲೆಕ್ಕದ ವಿಭಾಗದಿಂದ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಾದರೆ ಒಂದು ಮೆಸೇಜಿಗೆ 160 ಅಕ್ಷರ ಹಿಡಿಯುತ್ತೆ. ಕನ್ನಡಕ್ಕೆ ಬರೀ 70. ಅದರಲ್ಲೂ ಒತ್ತಕ್ಷರ, ಕೊಂಬು, ದೀರ್ಘ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತಾರೆ. ‘ಸ್ತ್ರೀ’ ಅನ್ನೋದು ನಮ್ಮ ಕಣ್ಣಿಗೆ ಒಂದು ಅಕ್ಷರ, ಅವರ ಲೆಕ್ಕದಲ್ಲಿ ಆರು. ನಮ್ಮ ಹೊಸ ಕರಡು ಮೂರು ಮೆಸೇಜಿನ ದುಡ್ಡು ತಿನ್ನುತ್ತೆ. ಅಂಚೆ ಅಣ್ಣ ಹೇಳಿದ ತಂತಿ ಲೆಕ್ಕವೇ ಮತ್ತೆ ಬಂತು. ಜೊತೆಗೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಟೆಂಪ್ಲೇಟನ್ನು ಮೊದಲೇ ನೋಂದಾಯಿಸಬೇಕು. ಅಂದರೆ ಅವತ್ತಿನ ಪರಿಸ್ಥಿತಿ ನೋಡಿ ಒಂದು ಪದ ಹೆಚ್ಚು ಬರೆಯೋಕೂ ಆಗಲ್ಲ.

ಬಹಳ ವಾದ ಮಾಡಿ ಇದಕ್ಕೆ ಒಪ್ಪಿಸಿದೆ. ಬಿಲ್ ನೆನಪಿಸುವ ಮೆಸೇಜನ್ನು ಕತ್ತರಿಸಿ ಒಂದಕ್ಕೆ ಇಳಿಸಿದ್ದೇವೆ, ಅಲ್ಲಿ ಒಣಗಿದ್ದರೆ ನಡೆಯುತ್ತೆ. ಆಪರೇಷನ್ ಮುಂದಕ್ಕೆ ಹೋದರೆ ಮೆಸೇಜೇ ಬೇಡ, ಫೋನ್ ಮಾಡಬೇಕು ಅಂತಾಯ್ತು.

ಕಡತ_ವಿಲೇವಾರಿ

‘ಫೋನ್ ಮಾಡಿ’ ಅಂದಿದ್ದೀರಿ. ಯಾರಿಗೆ? ಕೆಳಗೆ ಒಬ್ಬರ ಹೆಸರು ಇರಲಿ.

ನೇರಳೆ_ಮರ

ನಿಮ್ಮ ಕೊಡೆ ಅವರಿಗೂ ಬೇಕಲ್ಲ ಸರ್! ಹೆಸರು ಹಾಕಿದರೆ ಆ ಹುಡುಗಿಗೆ ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತೆ. ‘ಅಪಾಯಿಂಟ್‌ಮೆಂಟ್ ಕೌಂಟರ್, ಬೆಳಗ್ಗೆ 8ರಿಂದ ಸಂಜೆ 6’ ಅಂತ ಹಾಕೋದು ಅಂತಾಗಿದೆ. ಇನ್ನೂ ಹನ್ನೆರಡು ಅಕ್ಷರ ಕಡಿಮೆ ಮಾಡಿ ಅಂತ ಲೆಕ್ಕದವರು ಕೂತಿದ್ದಾರೆ. ‘ನಮಸ್ಕಾರ’ ತೆಗೀರಿ ಅಂತಿದ್ದಾರೆ, ನಾನು ‘ಬೆಳಗ್ಗೆ’, ‘ಸಂಜೆ’ ತೆಗೀತೀನಿ ಅಂತಿದ್ದೀನಿ.